ನಿಮ್ಮ ಫೇವರಿಟ್ ಗನ್ ಯಾವುದು ಸಾರ್?

ತ್ರೀ ನಾಟ್ ತ್ರೀ. ಮೊದಲನೇ ಮಹಾಯುದ್ಧದ್ದು. ಪೂರ್ತಿ ಹೆಸರು ಬೇಕಿದ್ದರೆ ಶಾರ್ಟ್ ಮ್ಯಾಗಝೀನ್ ಲೀ-ಎನ್‌ಫೀಲ್ಡ್, ಮಾರ್ಕ್ 3, 1907ರ ಮಾದರಿ. ಉತ್ತರ ಸಿಕ್ಕಿತಲ್ಲ, ಅವಸರ ಇರುವವರು ಇನ್ನು ಹೊರಡಬಹುದು.

ನನಗೆ ಹಳೇ ಯುದ್ಧಗಳ ಬಗ್ಗೆ ಓದುವ ಹುಚ್ಚು. ಅದು ಗೊತ್ತಾದ ಕೂಡಲೇ ಜನ ಇದೊಂದನ್ನು ಕೇಳುತ್ತಾರೆ. ಯುದ್ಧ ಯಾಕಾಯಿತು, ಯಾರು ಸತ್ತರು, ಯಾರಿಗೆ ಲಾಭ ಆಯಿತು, ಇದ್ಯಾವುದೂ ಬೇಡ. ಅದೂ ಕೇಳುವ ಅರ್ಧ ಜನರ ಹತ್ತಿರ ಉತ್ತರ ರೆಡಿ ಇರುತ್ತದೆ. ಮೊಬೈಲ್ ಗೇಮ್ ಆಡುವ ಹುಡುಗರಿಗೆ ನಾನು ‘ಕಾರ್ 98’ ಅನ್ನಬೇಕು, ಅದು ಅವರ ಗೇಮಿನಲ್ಲಿ ಬರುವ ಜರ್ಮನ್ ರೈಫಲ್. ಅವರ ಅಪ್ಪಂದಿರಿಗೆ ಎಕೆ-47. ಬೇರೆ ಏನು ಹೇಳಿದರೂ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಹಾಗಿದ್ದರೆ ಕೇಳಿದ್ದು ಯಾಕಪ್ಪಾ?

ಸರಿ, ಕಾರಣ ಹೇಳುತ್ತೇನೆ. ಈ ರೈಫಲ್ಲಿನ ಬೋಲ್ಟ್ (ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳುವ ಭಾಗ) ಮತ್ತು ಮ್ಯಾಗಝೀನ್ (ಗುಂಡು ತುಂಬಿಡುವ ಡಬ್ಬಿ) ರೂಪಿಸಿದವನು ಜೇಮ್ಸ್ ಪ್ಯಾರಿಸ್ ಲೀ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕ ಸೇರಿದವನು. ಎನ್‌ಫೀಲ್ಡ್ ಅಂದರೆ ಲಂಡನ್ನಿನ ಉತ್ತರಕ್ಕಿದ್ದ ಸರ್ಕಾರಿ ಬಂದೂಕು ಕಾರ್ಖಾನೆಯ ಊರು. ನಳಿಗೆಯ ಒಳ ಅಳತೆ 0.303 ಇಂಚು, ಹೆಸರು ಬಂದದ್ದು ಅದರಿಂದ. ಜರ್ಮನ್ನರ ಮೌಸರ್ ರೈಫಲ್ಲಿನಲ್ಲಿ ಬೋಲ್ಟ್ ಎತ್ತುವಾಗಲೇ ಗುಂಡು ಸಿಡಿಸುವ ಸ್ಪ್ರಿಂಗ್ ಬಿಗಿಯಾಗುತ್ತದೆ, ಕೈಗೆ ಭಾರ. ಲೀ-ಎನ್‌ಫೀಲ್ಡಿನಲ್ಲಿ ಮುಂದಕ್ಕೆ ತಳ್ಳುವಾಗ ಬಿಗಿಯಾಗುತ್ತದೆ. ಎತ್ತುವುದು ಸಲೀಸು, ಎಳೆಯಬೇಕಾದ ದೂರವೂ ಕಡಿಮೆ. ಪಳಗಿದವನು ಬಂದೂಕಿನಿಂದ ಕೆನ್ನೆ ತೆಗೆಯದೆ, ಗುರಿ ಬಿಡದೆ ಮುಂದಿನ ಗುಂಡು ಹೊಡೆಯಬಹುದು. ಮೌಸರ್‌ನಲ್ಲಿ ಐದು ಗುಂಡು, ಇದರಲ್ಲಿ ಹತ್ತು. ಐದೈದು ಗುಂಡು ಸಿಕ್ಕಿಸಿದ ಎರಡು ಕ್ಲಿಪ್ ಒತ್ತಿದರೆ ಭರ್ತಿ. 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು ಹೊಡೆಯುವ ಅಭ್ಯಾಸ ಆಗಿನ ಬ್ರಿಟಿಷ್ ಸಿಪಾಯಿಗೆ ಇತ್ತು.

ಮೌಸರ್ ಹೆಚ್ಚು ಗಟ್ಟಿ ಅಲ್ವಾ? ಹೌದು. ಅದರ ಬೋಲ್ಟ್ ಮುಂದುಗಡೆ ಲಾಕ್ ಆಗುತ್ತದೆ, ಇದರದ್ದು ಹಿಂದುಗಡೆ. ಇದರ ತೋಟಾದ ಬುಡದಲ್ಲಿ ಹೊರಚಾಚಿದ ಅಂಚಿದೆ, ತಪ್ಪಾಗಿ ತುಂಬಿದರೆ ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಬ್ರಿಟಿಷ್ ಪಂಡಿತರೇ ಇದನ್ನು ಬಿಟ್ಟು ಮೌಸರ್ ಮಾದರಿಯ ಹೊಸ ರೈಫಲ್ ತರಲು ಹೊರಟಿದ್ದರು. 1914ರಲ್ಲಿ ಯುದ್ಧ ಬಂತು, ಆ ಯೋಜನೆ ಮೂಲೆಗೆ ಹೋಯಿತು. ಅಂದಹಾಗೆ ಗೇಮಿನ ಕಾರ್ 98 ಕೂಡ ಮೌಸರೇ, ಆದರೆ ಮೊದಲನೇ ಯುದ್ಧದ್ದೇ ಅಲ್ಲ, 1935ರದ್ದು. ಸುಮ್ನೆ ಗೊತ್ತಿರಲಿ ಅಂತ ಹೇಳಿದೆ.

ಒಮ್ಮೆ ನೆಂಟರ ಮದುವೆಯ ಪಂಕ್ತಿಯಲ್ಲಿ ಇದನ್ನೆಲ್ಲ ಹೇಳುತ್ತಾ ಕೂತಿದ್ದೆ. ಎದುರಿಗಿದ್ದ ಮಾವನಿಗೆ ಸಿಟ್ಟು. "ಮೈಸೂರಿನವನಾಗಿ ಇಂಗ್ಲಿಷರ ಬಂದೂಕು ಹೊಗಳ್ತೀಯಲ್ಲೋ, ಟಿಪ್ಪು ರಾಕೆಟ್ ಕಣ್ಣಿಗೆ ಬೀಳಲಿಲ್ವಾ?" ರಾಕೆಟ್ ಬಂದೂಕಲ್ಲ ಮಾವ ಅಂದೆ. "ನೀನು ಬಿಡು" ಅಂದರು. ಆಗ ಪಕ್ಕದಲ್ಲಿದ್ದ ಅತ್ತೆ, ಮೂವತ್ತು ವರ್ಷ ಟೀಚರ್ ಆಗಿದ್ದವರು, ಊಟದಿಂದ ತಲೆ ಎತ್ತದೆ ಕೇಳಿದರು: "ಜಲಿಯನ್‌ವಾಲಾ ಬಾಗ್‌ನಲ್ಲಿ ಹೊಡೆದದ್ದೂ ಅದೇ ಬಂದೂಕಲ್ವೇನೋ?"

ಹೌದು ಅತ್ತೆ, ತ್ರೀ ನಾಟ್ ತ್ರೀಯೇ. 1919ರ ಏಪ್ರಿಲ್ 13. ಗುಂಡು ಹಾರಿಸಿದವರು 50 ಸಿಪಾಯಿಗಳು, ಗೂರ್ಖಾಗಳು ಮತ್ತು ಇತರ ಭಾರತೀಯ ಪಡೆಯವರು. ಗುಂಡಿನ ಆಜ್ಞೆ ಕೊಟ್ಟ ಬ್ರಿಟಿಷ್ ಅಧಿಕಾರಿ ಡೈಯರ್ ಮೆಷಿನ್ ಗನ್ ಇದ್ದ ಎರಡು ಗಾಡಿ ತಂದಿದ್ದ, ಓಣಿ ಇಕ್ಕಟ್ಟಾಗಿದ್ದರಿಂದ ಅವು ಹೊರಗೇ ಉಳಿದವು. ಸುಮಾರು ಹತ್ತು ನಿಮಿಷದಲ್ಲಿ 1,650 ಗುಂಡು. ಸರ್ಕಾರದ ಲೆಕ್ಕದಲ್ಲಿ ಸತ್ತವರು 379, ಕಾಂಗ್ರೆಸ್ಸಿನ ಲೆಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ.

1,650 ಗುಂಡನ್ನು 50 ಜನಕ್ಕೆ ಹಂಚಿ. ತಲೆಗೆ 33. ಮ್ಯಾಗಝೀನಿನಲ್ಲಿ ಹಿಡಿಸುವುದು ಹತ್ತು. ಅಂದರೆ ಸರಾಸರಿ ಒಬ್ಬೊಬ್ಬನೂ ಮೂರು ಸಲ ಖಾಲಿ ಮಾಡಿ, ಮೂರು ಸಲ ಮತ್ತೆ ತುಂಬಿಸಿದ್ದಾನೆ. ಪ್ರತಿ ಸಲ ಖಾಲಿಯಾದಾಗಲೂ ನಿಲ್ಲಿಸಲು ಒಂದು ಅವಕಾಶ ಇತ್ತು. ನಿಮಿಷಕ್ಕೆ ಮೂರು ಗುಂಡು, ಇದು ಗಾಬರಿಯಲ್ಲಿ ಹೊಡೆದ ವೇಗವೂ ಅಲ್ಲ. ನಾನು ಹೊಗಳುತ್ತಿದ್ದ ಕ್ಲಿಪ್ಪು, ಸಲೀಸು ಬೋಲ್ಟು ಅಲ್ಲೂ ಚೆನ್ನಾಗಿಯೇ ಕೆಲಸ ಮಾಡಿದವು. ಉತ್ತರ ಬದಲಾಯಿಸುತ್ತೀರಾ ಅಂದರೆ ಇಲ್ಲ. ಆದರೆ ಐಸ್‌ಕ್ರೀಂ ಯಾವ ಫ್ಲೇವರ್ ಇಷ್ಟ ಅನ್ನುವ ಧಾಟಿಯಲ್ಲಿ ಕೇಳಿದರೆ ನನಗೆ ರೇಗುತ್ತದೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಹಳೇ ಬಂದೂಕನ್ನು ಯಾರಿಗೆ ಕೊಡುತ್ತಾರೆ?

1857ರ ದಂಗೆ ಆದಮೇಲೆ ಇಂಗ್ಲಿಷರು ಒಂದು ಪಾಠ ಕಲಿತರು. ಭಾರತದ ಸಿಪಾಯಿಯ ಕೈಯಲ್ಲಿ ಯಾವಾಗಲೂ ಒಂದು ತಲೆಮಾರು ಹಳೆಯ ಆಯುಧ ಇರಬೇಕು. ಗೋರಾ ಸಿಪಾಯಿಗಳಿಗೆ ಹೊಸ ಮಾರ್ಟಿನಿ-ಹೆನ್ರಿ ರೈಫಲ್ ಬಂದಾಗ ನಮ್ಮವರಿಗೆ ಹಳೇ ಸ್ನೈಡರ್. ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ನಮ್ಮವರಿಗೆ ಅವರು ಬಿಟ್ಟ ಮಾರ್ಟಿನಿ. ಬೆಟ್ಟಗಾಡಿನ ಸಣ್ಣ ಫಿರಂಗಿ ಬಿಟ್ಟರೆ ತೋಪುಖಾನೆಯನ್ನಂತೂ ಮುಟ್ಟಿಸಲೇ ಇಲ್ಲ. 1914ರ ಹೊತ್ತಿಗೂ ಆ ಚಾಳಿ ಪೂರ್ತಿ ಹೋಗಿರಲಿಲ್ಲ. ಲಾಹೋರ್ ಡಿವಿಷನ್ ಸೆಪ್ಟೆಂಬರ್ ಕೊನೆಯಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಹಳೇ ಮಾದರಿಯ ರೈಫಲ್. ಅಲ್ಲಿ ಬಳಸುವ ಹೊಸ ಚೂಪು ಗುಂಡಿಗೆ ಅದು ಹೊಂದುತ್ತಿರಲಿಲ್ಲ. ಬಂದರಿನಲ್ಲೇ ಎಲ್ಲ ವಾಪಸ್ ತೆಗೆದುಕೊಂಡು ಹೊಸದು ಕೊಟ್ಟರು. ಒಂದು ತಿಂಗಳೊಳಗೆ ಅವರು ಬೆಲ್ಜಿಯಂ ಗಡಿಯ ಕಂದಕಗಳಲ್ಲಿದ್ದರು. ಬಂದೂಕಿನ ಕೈಗುಣ ಅರಿಯಲು ಸಿಪಾಯಿಗೆ ವರ್ಷಗಟ್ಟಲೆ ಬೇಕು. ಇವರಿಗೆ ಸಿಕ್ಕಿದ್ದು ಕೆಲವು ವಾರ, ಅದೂ ಚಳಿಯಲ್ಲಿ.

ಇಂಗ್ಲಿಷರು ಹೋದರು, ಲೆಕ್ಕ ಬದಲಾಗಲಿಲ್ಲ. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ತ್ರೀ ನಾಟ್ ತ್ರೀ ತಯಾರಾಗುತ್ತಲೇ ಇತ್ತು. 1962ರ ನವೆಂಬರಿನಲ್ಲಿ ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವ್ ರೆಜಿಮೆಂಟಿನ ಕಂಪನಿ ಚೀನೀಯರನ್ನು ಎದುರಿಸಿದ್ದು ಇದೇ ಬಂದೂಕಿನಿಂದ. ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕು, ಮರಗಟ್ಟಿದ ಬೆರಳಲ್ಲಿ. ಆಮೇಲೆ ಸೇನೆಗೆ ಹೊಸ ರೈಫಲ್ ಬಂತು, ಹಳೇದು ಪೊಲೀಸ್ ಠಾಣೆಗೆ ಇಳಿಯಿತು. 2008ರ ನವೆಂಬರ್ 26ರ ರಾತ್ರಿ ಮುಂಬೈ ರೈಲ್ವೆ ನಿಲ್ದಾಣದಲ್ಲಿ ಎಕೆ ಹಿಡಿದು ಬಂದವರ ಎದುರು ನಮ್ಮ ಪೊಲೀಸರ ಕೈಯಲ್ಲಿದ್ದದ್ದು ಲಾಠಿ, ಇಲ್ಲವೇ ತ್ರೀ ನಾಟ್ ತ್ರೀ.

ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ. ಬ್ರಿಟಿಷ್ ಸೇನೆ ಅದನ್ನು ಬದಿಗಿಡಲು ಶುರು ಮಾಡಿ ಅಷ್ಟು ಹೊತ್ತಿಗೆ ಅರವತ್ತು ವರ್ಷ ದಾಟಿತ್ತು.