ಹರಿಭಾವೂ ಆಪಟೆ ಇಷ್ಟವಾದರೆ ಮುಂದೆ ಯಾರನ್ನು ಓದಬೇಕು?

ಪುಣೆಯ ಕನ್ನಡಿಗರಿಗೆ ಮರಾಠಿ ಕಾದಂಬರಿಕಾರ ಹರಿ ನಾರಾಯಣ (ಹರಿಭಾವೂ) ಆಪಟೆ (1864–1919) ಕೈಗೆಟುಕುವ ಲೇಖಕ. ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಅವರ ಕಾದಂಬರಿಗಳನ್ನು ಕೇಳಬಹುದು. ಅವರು ನಡೆಸಿಕೊಂಡು ಬಂದ, ಸಂಸ್ಕೃತ ಗ್ರಂಥಗಳನ್ನು ಪ್ರಕಟಿಸುವ ಆನಂದಾಶ್ರಮ ಸಂಸ್ಥೆಯೂ ಅಲ್ಲೇ ಹತ್ತಿರದಲ್ಲಿದೆ. ದಿನವೂ ಮರಾಠಿ ಕಿವಿಗೆ ಬೀಳುವವರಿಗೆ ಅವರ ಭಾಷೆ ನಾಲ್ಕಾರು ಪ್ರಕರಣಗಳಲ್ಲಿ ಒಗ್ಗಿಬಿಡುತ್ತದೆ. ಕಷ್ಟ ಬರುವುದು ಆಮೇಲೆ. ಆಪಟೆ ಮೆಚ್ಚಿದವರಿಗೆಲ್ಲ ಒಂದೇ ಪಟ್ಟಿ ಕೊಟ್ಟರೆ ಅರ್ಧ ಜನಕ್ಕೆ ನಿರಾಸೆಯಾಗುತ್ತದೆ. ಏಕೆಂದರೆ ಸಾಮಾಜಿಕ ಕಾದಂಬರಿಯ ಆಪಟೆ ಬೇರೆ, ‘ಉಷಃಕಾಲ’ದಂಥ ಐತಿಹಾಸಿಕ ಕಾದಂಬರಿಯ ಆಪಟೆ ಬೇರೆ. ನಿಮಗೆ ಹಿಡಿಸಿದ್ದು ಯಾರು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ.

‘ಪಣ ಲಕ್ಷಾತ ಕೋಣ ಘೇತೋ’ ಓದಿ ಮನಸ್ಸು ಕಲಕಿದ್ದರೆ ನೀವು ಮೊದಲ ಗುಂಪಿನವರು. 1890ರಲ್ಲಿ ಆಪಟೆ ಶುರುಮಾಡಿದ ‘ಕರಮಣೂಕ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಇದರಲ್ಲಿ ಯಮು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಗಂಡನ ಜೊತೆ ಮುಂಬಯಿಗೆ ಬಂದಾಗ ಅವಳ ಮಾತಿನ ಧಾಟಿಯೇ ಬದಲಾಗುವುದನ್ನು ಗಮನಿಸಿ. ಅತ್ತೆಮನೆಯಲ್ಲಿ ಪಿಸುಗುಟ್ಟುತ್ತಿದ್ದ ಹುಡುಗಿ ಇಲ್ಲಿ ಓದುತ್ತಾಳೆ, ಗಂಡನೊಡನೆ ಸರಿಸಮವಾಗಿ ಮಾತಾಡುತ್ತಾಳೆ. ಆ ಭಾಗವನ್ನು ನಿಧಾನವಾಗಿ ಓದಿದರೆ ಮಾತ್ರ, ಗಂಡ ತೀರಿಕೊಂಡ ಮೇಲೆ ಬಲವಂತವಾಗಿ ಅವಳ ತಲೆ ಬೋಳಿಸುವ ಪ್ರಸಂಗ ಎಷ್ಟು ಘೋರ ಎಂಬುದು ತಟ್ಟುತ್ತದೆ. ವಾರಕ್ಕೊಂದು ಕಂತು ಓದುವವರಿಗಾಗಿ ಬರೆದ ಕಾದಂಬರಿ ಇದು. ಒಂದೇ ಬೀಸಿನಲ್ಲಿ ಓದಲು ಹೋದರೆ ಪುನರುಕ್ತಿ ಬೇಸರ ತರುತ್ತದೆ. ದಿನಕ್ಕೆ ಎರಡು ಮೂರು ಪ್ರಕರಣ ಸಾಕು.

ಇದಾದ ಮೇಲೆ ನೇರವಾಗಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ (1899, ಮಂಗಳೂರು) ಬನ್ನಿ. ಅಲ್ಲೂ ಎಳೆಯ ವಿಧವೆಯೇ ನಾಯಕಿ. ಆದರೆ ಇಂದಿರೆ ಮನೆ ಬಿಟ್ಟು ಹೊರಟು ಅಮೃತರಾಯರ ಆಶ್ರಯ ಪಡೆಯುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಆಪಟೆ ಮುಚ್ಚಿದ ಬಾಗಿಲನ್ನು ಗುಲ್ವಾಡಿ ತೆರೆದರು. ಕೊರತೆಯೂ ಇದೆ: ಒಳ್ಳೆಯವರು ಉದ್ದುದ್ದ ಉಪದೇಶ ಮಾಡುತ್ತಾರೆ. ಆ ಪುಟಗಳನ್ನು ಬೇಗ ದಾಟಿ. ಕಪಟ ಸಂತರನ್ನು ಬಯಲಿಗೆಳೆಯುವ ಪುಟಗಳಲ್ಲಿ ನಿಲ್ಲಿ. ಕರಾವಳಿಯ ಸಾರಸ್ವತ ಮನೆಗಳ ಒಳಗು ಅಲ್ಲಿದೆ, ಗೋವಾದ ಓದುಗರಿಗೂ ಅದು ಪರಿಚಿತವೆನಿಸುತ್ತದೆ.

ಮೂರನೆಯದಾಗಿ ಬಂಗಾಳಿಯ ಬಂಕಿಮಚಂದ್ರರ ‘ವಿಷವೃಕ್ಷ’ (1873). ವಿಧವೆ ಕುಂದನಂದಿನಿಗೆ ಮರುಮದುವೆಯಾಗುತ್ತದೆ, ಆದರೆ ಕೊನೆಗೆ ಅವಳು ವಿಷ ಕುಡಿದು ಸಾಯುತ್ತಾಳೆ. ಅವಳನ್ನು ಮದುವೆಯಾದವನ ಮೊದಲ ಹೆಂಡತಿ ಸೂರ್ಯಮುಖಿ ತನ್ನ ಪತ್ರದಲ್ಲಿ, ವಿಧವಾ ವಿವಾಹಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರನ್ನೇ ಚುಚ್ಚುತ್ತಾಳೆ. ಆಪಟೆ, ಗುಲ್ವಾಡಿ, ಬಂಕಿಮ ಮೂವರನ್ನೂ ಬೆನ್ನುಬೆನ್ನಿಗೆ ಓದಿದರೆ ಒಂದೇ ಪ್ರಶ್ನೆಗೆ ಆ ಕಾಲ ಎಷ್ಟು ಬಗೆಯಲ್ಲಿ ಉತ್ತರಿಸಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಬಂಕಿಮರನ್ನೇ ಮೊದಲು ಓದಬೇಡಿ. ಅವರ ಕಥನದ ಬಿಗಿ ನೋಡಿದ ಮೇಲೆ ಗುಲ್ವಾಡಿ ಸಡಿಲವೆನಿಸಿಬಿಡುತ್ತಾರೆ.

ಯಮುವಿನ ದನಿಯೇ ನಿಮ್ಮನ್ನು ಹಿಡಿದಿದ್ದರೆ ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ (1847) ಓದಿ. ಸೋದರಮಾವನ ಹೆಂಡತಿ ಕೆಂಪು ಕೋಣೆಯಲ್ಲಿ ಕೂಡಿಹಾಕಿದ ಹುಡುಗಿಯ ಭಯವೂ ಸಿಟ್ಟೂ ಯಮುವಿನ ಬಾಲ್ಯಕ್ಕೆ ತೀರ ಹತ್ತಿರ. ಇನ್ನೊಂದು ಬಗೆಯ ನಿರೂಪಕನ ದನಿ ಬೇಕಿದ್ದರೆ ಒಡಿಯಾದ ಕಾದಂಬರಿಯೊಂದಿದೆ. ಫಕೀರಮೋಹನ ಸೇನಾಪತಿಯವರ ‘ಛ ಮಾಣ ಆಠ ಗುಂಠ’ದಲ್ಲಿ ಭಗಿಯಾ, ಸಾರಿಯಾ ಎಂಬ ನೇಕಾರ ದಂಪತಿಯ ತುಂಡು ಭೂಮಿಯನ್ನು ಜಮೀನ್ದಾರ ನುಂಗುವ ಕಥೆಯಿದೆ. ನಿರೂಪಕ ಜಮೀನ್ದಾರನನ್ನು ಹೊಗಳುತ್ತಲೇ ಹೋಗುತ್ತಾನೆ. ಆ ಹೊಗಳಿಕೆಯನ್ನು ನಂಬದೆ ಓದಬೇಕು. ಇಂಗ್ಲಿಷ್ ಅನುವಾದ ಲಭ್ಯವಿದೆ.

‘ಉಷಃಕಾಲ’ದಲ್ಲಿ ಶಿವಾಜಿ ಕಾಲದ ಕೋಟೆ, ಗುಪ್ತಚರ, ಒಳಸಂಚುಗಳು ಹಿಡಿಸಿದವರಿಗೆ ಗಳಗನಾಥರೇ (1869–1942) ಸರಿ. ಅವರ ‘ಕನ್ನಡಿಗರ ಕರ್ಮಕಥೆ’ ಆಪಟೆಯವರ ‘ವಜ್ರಾಘಾತ’ದ ಆಧಾರದ್ದು, ವಿಷಯ ವಿಜಯನಗರದ ಪತನ. ಎರಡನ್ನೂ ಓದುವ ಉತ್ಸಾಹವಿದ್ದರೆ ಕನ್ನಡದ್ದು ಮೊದಲಿರಲಿ. ಆಮೇಲೆ ವಿಜಯನಗರದ ಸ್ಥಾಪನೆಯ ಸುತ್ತ ಹೆಣೆದ ‘ಮಾಧವ ಕರುಣಾವಿಲಾಸ’. ವಾಕ್ಯಗಳು ಉದ್ದ, ಸಂಸ್ಕೃತದ ಭಾರ ಹೆಚ್ಚು. ಗಟ್ಟಿಯಾಗಿ ಓದಿಕೊಂಡರೆ ಆ ವಾಕ್ಯಗಳ ನಡಿಗೆ ಸಿಗುತ್ತದೆ.

ಪ್ರತಿಗಳ ವಿಚಾರ. ಮರಾಠಿ ಪುಸ್ತಕಗಳಿಗೆ 1848ರಷ್ಟು ಹಳೆಯದಾದ ಪುಣೆ ನಗರ ವಾಚನ ಮಂದಿರ, ಮುಂಬಯಿಯವರಿಗೆ ದಾದರಿನ ಮುಂಬಯಿ ಮರಾಠಿ ಗ್ರಂಥಸಂಗ್ರಹಾಲಯ. ಈ ಭಾರತೀಯ ಲೇಖಕರೆಲ್ಲ ತೀರಿಕೊಂಡು 60 ವರ್ಷ ದಾಟಿರುವುದರಿಂದ ಮೂಲ ಕೃತಿಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಹಳೆಯ ಪ್ರತಿಗಳ ಸ್ಕ್ಯಾನ್ ಹುಡುಕುವಾಗ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಹೆಸರು ಹಾಕಿ ನೋಡಿ. ಗಳಗನಾಥ ಎಂಬುದು ಕಾವ್ಯನಾಮ. ಸಿಗದಿದ್ದರೆ ವೆಂಕಟೇಶ ತಿರಕೋ ಕುಲಕರ್ಣಿ ಎಂದು ಹುಡುಕಿ. ಓದಲು ಕೂರುವ ಮೊದಲು ಪುಟಸಂಖ್ಯೆಗಳನ್ನು ಒಮ್ಮೆ ಸರಸರನೆ ನೋಡಿಬಿಡಿ, ಸ್ಕ್ಯಾನ್‌ಗಳಲ್ಲಿ ನಡುವಿನ ಪುಟಗಳು ಬಿಟ್ಟುಹೋಗಿರುವುದುಂಟು. ಆಪಟೆಯವರದೇ ಇನ್ನೊಂದು ಕಾದಂಬರಿ ಎತ್ತಿಕೊಳ್ಳುವವರು ಅದು ಪೂರ್ಣವೋ ಅಲ್ಲವೋ ಎಂದು ಮುನ್ನುಡಿಯಲ್ಲಿ ನೋಡಿಕೊಳ್ಳಿ. ಕೆಲವು ಧಾರಾವಾಹಿಗಳನ್ನು ಅವರು ಮುಗಿಸಲೇ ಇಲ್ಲ.