ತಂಗಿಗೊಂದು ಏರ್ ಪಿಸ್ತೂಲ್

ನಮ್ಮ ಮನೆಯಲ್ಲಿ ಪಿಸ್ತೂಲ್ ಕೊಳ್ಳುವ ಮಾತು ಬಂದಾಗ ಅಪ್ಪ ಮೊದಲು ಕೇಳಿದ್ದು ಲೈಸೆನ್ಸ್ ಬಗ್ಗೆ. ಅವರು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಕಾಗದಪತ್ರ ಸರಿಯಿಲ್ಲದ ಕೆಲಸಕ್ಕೆ ಯಾವತ್ತೂ ಕೈ ಹಾಕಿದವರಲ್ಲ. ಹತ್ತು ಮೀಟರ್ ಸ್ಪರ್ಧೆಗೆ ಬಳಸುವ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಾಗಿಲ್ಲ ಅಂತ ತಂಗಿ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ 2016ರ ಶಸ್ತ್ರಾಸ್ತ್ರ ನಿಯಮಗಳನ್ನೇ ತೆಗೆದು ತೋರಿಸಿದೆವು. 4.5 ಮಿಲಿಮೀಟರ್ ಬೋರ್, ಅಂದರೆ ನಳಿಗೆಯ ಒಳ ಅಗಲ, 20 ಜೌಲ್ ಒಳಗಿನ ಶಕ್ತಿ. ಅಷ್ಟರೊಳಗಿದ್ದರೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಇದರ ಅರ್ಧವೂ ಇರುವುದಿಲ್ಲ. ಗುಂಡು ಹಾರುವ .22 ಪಿಸ್ತೂಲಾದರೆ ಕಥೆಯೇ ಬೇರೆ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು.

ಲೈಸೆನ್ಸಿನ ಚಿಂತೆ ಹೋಯಿತು, ದುಡ್ಡಿನ ಚಿಂತೆ ಉಳಿಯಿತು.

ತಂಗಿ ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದು ಶುರುವಾದ ಆಸೆ ಅವಳದು. ಆಮೇಲೆ ಒಂದು ಕ್ಲಬ್ಬಿಗೆ ಸೇರಿ ಪಿಸ್ತೂಲಿಗೆ ಬಂದಳು. ಕ್ಲಬ್ಬಿನಲ್ಲಿ ಹುಡುಗರಿಗೆಲ್ಲ ಸೇರಿ ಇದ್ದದ್ದೇ ಬೆರಳೆಣಿಕೆಯ ಪಿಸ್ತೂಲುಗಳು. 2024ರ ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಮೇಲಂತೂ ಸರದಿ ಇನ್ನೂ ಉದ್ದವಾಯಿತು. ನಾನು ಅವಳನ್ನು ಕರೆದುಕೊಂಡು ಬರಲು ಹೋದಾಗೆಲ್ಲ ನೋಡುತ್ತಿದ್ದೆ. ಇವಳ ಸರದಿ ಬರುವ ಹೊತ್ತಿಗೆ ಬೇರೆ ಯಾರೋ ಗುರಿ ನೋಡುವ ಸೈಟನ್ನು ತಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಟ್ಟಿರುತ್ತಿದ್ದರು. ಅದನ್ನು ಸರಿಮಾಡಿಕೊಳ್ಳುವುದರಲ್ಲೇ ಅರ್ಧ ಸಮಯ ಹೋಗುತ್ತಿತ್ತು. ಗ್ರಿಪ್ ದೊಡ್ಡ ಕೈಯವರದು. ಇವಳ ಬೆರಳು ಟ್ರಿಗರಿಗೆ ಎಟುಕಿದರೆ ಅಂಗೈ ಸಡಿಲ, ಅಂಗೈ ಕೂತರೆ ಬೆರಳು ಎಟುಕದು. ಒಂದೇ ಕೈಯಲ್ಲಿ, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ ಹಿಡಿಯುವ ಆಟ ಇದು. ಗುರಿಯ ನಡುವಿನ ಹತ್ತು ಅಂಕದ ವೃತ್ತಕ್ಕೆ ಇರುವ ಅಗಲ 11.5 ಮಿಲಿಮೀಟರ್ ಮಾತ್ರ. ಹಿಡಿತ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಇದ್ದರೆ ಯಾರು ತಾನೇ ಕಲಿಯುತ್ತಾರೆ?

"ಸ್ವಂತದ್ದು ಒಂದು ಇರಬೇಕು ಇವಳಿಗೆ," ಅಂದರು ಕೋಚ್. "ಕೈ ಚೆನ್ನಾಗಿದೆ. ಆದ್ರೆ ಇಲ್ಲಿಂದ ಮುಂದೆ ಹೋಗಬೇಕಂದ್ರೆ ಬೇರೆಯವರ ಪಿಸ್ತೂಲಲ್ಲಿ ಆಗಲ್ಲಮ್ಮ."

ವಿದೇಶಿ ಹೊಸ ಪಿಸ್ತೂಲಿನ ಬೆಲೆ ವಿಚಾರಿಸಿದೆ. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಟರ್, ಯಾವುದನ್ನು ಕೇಳಿದರೂ ಎರಡು ಲಕ್ಷದ ಸುತ್ತಮುತ್ತ ಹೇಳಿದರು. ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೆಕ್ಕ ಬರೆಯುವವಳು. ನನ್ನ ಚೀಟಿ ಎತ್ತಿದರೆ ಬರುವುದು 60,000. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ 20,000 ಸಾಲ ತರುತ್ತೇನೆ ಅಂದರು. ತಂಗಿ ಮನೆಪಾಠ ಹೇಳಿ ಕೂಡಿಟ್ಟದ್ದು 5,000. ಒಟ್ಟು 85,000. ಅಪ್ಪನ ಪಿಂಚಣಿ ಮುಟ್ಟಬಾರದು ಅಂತ ನಾನೇ ಹಟ ಹಿಡಿದಿದ್ದೆ, ಅದು ಮನೆ ನಡೆಯುವ ದುಡ್ಡು.

"ಇಷ್ಟು ದುಡ್ಡಿಗೆ ಒಂದು ಸ್ಕೂಟಿ ಬರುತ್ತಲ್ಲೇ," ಅಂದರು ಅಮ್ಮ. ಬೇಡ ಅನ್ನುವ ದನಿಯಲ್ಲಿ ಹೇಳಿದ್ದಲ್ಲ ಅದು. ಸಂಘದ ಪುಸ್ತಕಕ್ಕೆ ಸಹಿ ಹಾಕಿ ಬಂದ ಮೇಲೆ ಹೇಳಿದ್ದು.

ಉಳಿದದ್ದು ಸೆಕೆಂಡ್ ಹ್ಯಾಂಡ್ ದಾರಿ. ಶೂಟಿಂಗ್ ಬಿಟ್ಟವರು, ಹೊಸದು ತಗೊಂಡವರು ಹಳೆಯದನ್ನು ಮಾರುತ್ತಿರುತ್ತಾರೆ. ಕೋಚ್ ಕಡೆಯಿಂದ ಬೆಂಗಳೂರಿನ ಇಬ್ಬರ ನಂಬರ್ ಸಿಕ್ಕಿತು. ಒಂದೇ ದಿನ ಇಬ್ಬರನ್ನೂ ನೋಡಿ ಬರೋಣ ಅಂತ ಭಾನುವಾರ ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆವು. ಜೊತೆಗೆ ಅಪ್ಪ. ಕೋಚ್ ನಮ್ಮ ಕೈಗೆ ಒಂದು ಸಣ್ಣ ಚೀಲ ಕೊಟ್ಟಿದ್ದರು. ಅದರಲ್ಲಿ ಕೊಕ್ಕೆ ಇರುವ 500 ಗ್ರಾಂ ತೂಕದ ಒಂದು ಕಲ್ಲು, ಒಂದು ಪುಟ್ಟ ಟಾರ್ಚು, ಭೂತಗನ್ನಡಿ. ಹೆಸರು ನೋಡಬೇಡಿ, ಹೊಳಪು ನೋಡಬೇಡಿ, ಮೊದಲು ಸಿಲಿಂಡರಿನ ತಾರೀಖು ನೋಡಿ ಅಂತ ಎಚ್ಚರಿಸಿ ಕಳಿಸಿದ್ದರು.

ಆ ತಾರೀಖಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಪಿಸ್ತೂಲ್ ಕೊಳ್ಳುವ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. ಬ್ಯಾರೆಲ್ಲಿನ ಕೆಳಗೆ ಕೊಳವೆಯಂತೆ ಕಾಣುವುದು ಗಾಳಿಯ ಸಿಲಿಂಡರ್. ಅದರಲ್ಲಿ 200 ಬಾರ್ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಸ್ಕೂಟರ್ ಟೈರಿನಲ್ಲಿ ಇರುವುದು ಎರಡು ಬಾರ್ ಆಸುಪಾಸು. ಅಂದರೆ ಮುಖದ ಮುಂದೆ ಹಿಡಿಯುವ ವಸ್ತುವಿನಲ್ಲಿ ಅದರ ನೂರು ಪಟ್ಟು ಒತ್ತಡ. ಅದಕ್ಕೇ ತಯಾರಕರು ಸಿಲಿಂಡರಿಗೆ ಒಂದು ಅವಧಿ ಹಾಕುತ್ತಾರೆ, ಸಾಮಾನ್ಯವಾಗಿ ಹತ್ತು ವರ್ಷ. ಸಿಲಿಂಡರಿನ ಮೇಲೆಯೇ ತಾರೀಖು ಕೊರೆದಿರುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸಿಲಿಂಡರ್ ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವುದು ಆಟಗಾರರದೇ ಜವಾಬ್ದಾರಿ. ಸ್ಪರ್ಧೆಗೆ ಮುಂಚೆ ಸಲಕರಣೆ ಪರಿಶೀಲಿಸುವವರು ಅದನ್ನು ನೋಡಬಹುದು.

ಮೊದಲು ಹೋದ ಮನೆಯಲ್ಲಿ ಇದ್ದದ್ದು ವಾಲ್ಟರ್ ಎಲ್‌ಪಿ 400. ನೋಡಲು ಹೊಸದರಂತೆಯೇ ಇತ್ತು. ಗೆರೆಯಿಲ್ಲ, ಗೀರಿಲ್ಲ. ಬೆಲೆ 75,000. ಅಪ್ಪನ ಮುಖ ಅರಳಿತು. ತಂಗಿ ಅದನ್ನು ಕೈಗೆತ್ತಿಕೊಂಡವಳು ಕೆಳಗಿಡಲೇ ಇಲ್ಲ. ನಾನು ಟಾರ್ಚ್ ಹಾಕಿ ಸಿಲಿಂಡರ್ ನೋಡಿದೆ. ಅವಧಿ ಮುಗಿದು ಎರಡು ವರ್ಷದ ಮೇಲಾಗಿತ್ತು.

"ಏನೂ ಆಗಲ್ಲ ಅಕ್ಕ, ಎಲ್ರೂ ಹಂಗೇ ಬಳಸ್ತಾರೆ," ಅಂದ ಆ ಹುಡುಗ. ಬಿಲ್ ಇದೆಯಾ ಅಂದರೆ ಹುಡುಕಬೇಕು ಅಂದ. ಹೊಸ ಸಿಲಿಂಡರಿಗೆ ಎಷ್ಟಾಗುತ್ತದೆ ಅಂತ ಒಬ್ಬ ಡೀಲರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸುಮಾರು 25,000, ತರಿಸಲು ತಿಂಗಳುಗಟ್ಟಲೆ ಆಗಬಹುದು ಅಂದರು. ಅಲ್ಲಿಗೆ 75,000 ಅನ್ನುವುದು ಒಂದು ಲಕ್ಷವಾಯಿತು. ಗಾಳಿ ತುಂಬಿಸಿ ತೋರಿಸುತ್ತೇನೆ ಅಂತ ಅವನು ಎದ್ದ. ಅಪ್ಪ ಬೇಡ ಅಂದರು. ಅವಧಿ ಮುಗಿದದ್ದನ್ನು ನಮ್ಮ ಎದುರಿಗೆ ತುಂಬಿಸುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

ಹೊರಗೆ ಬಂದ ಮೇಲೆ ತಂಗಿ ತುಂಬಾ ಹೊತ್ತು ಮಾತಾಡಲಿಲ್ಲ. ಮೆಟ್ರೋದಲ್ಲಿ ಒಮ್ಮೆ, "ಗ್ರಿಪ್ ಎಷ್ಟು ಚೆನ್ನಾಗಿ ಕೂರ್ತಿತ್ತು ಅಕ್ಕ," ಅಂದಳು. ನನಗೆ ಹೊಟ್ಟೆ ಚುರುಕ್ ಅಂದಿತು.

ಎರಡನೆಯವರ ಮನೆ ಬಸವನಗುಡಿಯಲ್ಲಿ. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋದೆವು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಭುಜದ ನೋವಿನಿಂದ ಶೂಟಿಂಗ್ ಬಿಟ್ಟಿದ್ದರು. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದದ್ದನ್ನು, ನಮ್ಮ ಕರ್ನಾಟಕದ ಶೂಟರ್ ಟಿ.ಎಸ್. ದಿವ್ಯಾ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಿಂದ ಬೆಳ್ಳಿ ತಂದದ್ದನ್ನು ಕಾಫಿ ಬರುವಷ್ಟರಲ್ಲಿ ಹೇಳಿ ಮುಗಿಸಿದರು. ತಂಗಿಯ ಮುಖ ಅಲ್ಲಿಂದ ಸ್ವಲ್ಪ ತಿಳಿಯಾಯಿತು.

ಅವರದ್ದು ಸ್ಟೈಯರ್ ಎಲ್‌ಪಿ 10. ಹಳೆಯದು, ನೋಡಿದರೆ ಗೊತ್ತಾಗುತ್ತಿತ್ತು. ಗ್ರಿಪ್ಪಿನ ಮರ ಕೈ ತಾಗಿ ಕಪ್ಪಾಗಿತ್ತು, ಅಲ್ಲಲ್ಲಿ ಬಣ್ಣ ಹೋಗಿತ್ತು. ಆದರೆ ಅವರು ಪೆಟ್ಟಿಗೆ ತೆರೆದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬ್ಯಾರೆಲ್ಲನ್ನು ಗೋಡೆಯ ಕಡೆಗೇ ಇಟ್ಟು, ಲೀವರ್ ಎತ್ತಿ, ಒಳಗೆ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಚಿಕ್ಕ ಸೀಸದ ಗುಂಡು, ಇಲ್ಲ ಅಂತ ತಾವು ನೋಡಿ, ಆಮೇಲೆ ನನಗೂ ತೋರಿಸಿದರು. ಬ್ಯಾರೆಲ್ಲಿನ ಉದ್ದಕ್ಕೂ ಕಿತ್ತಳೆ ಬಣ್ಣದ ಒಂದು ದಾರ ತೂರಿಸಿದರು. ಅದಾದ ಮೇಲೇ ತಂಗಿಯ ಕೈಗೆ ಕೊಟ್ಟದ್ದು. ಮಾರುವ ಆತುರದಲ್ಲಿರುವವರು ಹೀಗೆ ಮಾಡುವುದಿಲ್ಲ.

ಸಿಲಿಂಡರ್ ಎರಡಿದ್ದವು. ಎರಡಕ್ಕೂ ಅವಧಿ ಬಾಕಿ ಇತ್ತು, ಒಂದಕ್ಕೆ ಇನ್ನೊಂದಕ್ಕಿಂತ ಜಾಸ್ತಿ. ಹಿಂದಿನ ರಾತ್ರಿ ತುಂಬಿಸಿಟ್ಟು ಗೇಜಿನ ಫೋಟೋವನ್ನು ನನಗೆ ವಾಟ್ಸಾಪ್ ಮಾಡಿದ್ದರು. ಈಗ ಮುಳ್ಳು ಅಲ್ಲಿಯೇ ಇತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅಂದರೆ ಸೀಲುಗಳು ಗಟ್ಟಿಯಾಗಿವೆ. ಜೊತೆಗೆ ಒಂದು ನೋಟ್‌ಬುಕ್. ಯಾವಾಗ ಸರ್ವಿಸ್ ಆಯಿತು, ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಯಾವಾಗ ಬದಲಾಯಿಸಿದ್ದು, ಎಲ್ಲ ದುಂಡು ಅಕ್ಷರದಲ್ಲಿ. ಅಪ್ಪ ಅದನ್ನು ಹಾಳೆ ಹಾಳೆ ತಿರುವಿ ಓದಿದರು.

ಆಮೇಲೆ ಟ್ರಿಗರ್. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಅದಕ್ಕಿಂತ ಹಗುರವಾಗಿದ್ದರೆ ಸ್ಪರ್ಧೆಗೆ ಬಿಡುವುದಿಲ್ಲ. ಕಲ್ಲನ್ನು ಮೇಜಿನ ಮೇಲಿಟ್ಟೆವು. ಪಿಸ್ತೂಲಿನ ಮೂತಿ ನೇರ ಮೇಲಕ್ಕೆ ಮಾಡಿ, ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ನಿಧಾನಕ್ಕೆ ಎತ್ತಬೇಕು. ತಂಗಿ ಎತ್ತಿದಳು. ಕಲ್ಲು ಮೇಜು ಬಿಟ್ಟು ಮೇಲೆ ಬಂತು, ಟ್ರಿಗರ್ ಬಿಡಲಿಲ್ಲ. ಮತ್ತೊಮ್ಮೆ ಎತ್ತಿದಳು, ಆಗಲೂ ಬಿಡಲಿಲ್ಲ.

ಅಪ್ಪನಿಗೆ ಒಂದೇ ಭಯ ಉಳಿದಿತ್ತು. 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರ್ ಅವರ ಪಿಸ್ತೂಲ್ ಸ್ಪರ್ಧೆಯ ಮಧ್ಯೆಯೇ ಕೈಕೊಟ್ಟಿತ್ತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಸಮಯ ಹೋಗಿ, ಫೈನಲ್ ತಪ್ಪಿತ್ತು. "ಅಂಥವರಿಗೇ ಹಂಗಾದ್ರೆ, ಈ ಹಳೇದನ್ನ ನಂಬ್ಕೊಂಡು ಹೋಗೋದು ಹೇಗೆ ಸರ್?" ಅಂತ ನೇರವಾಗಿ ಕೇಳಿದರು.

ಹಿರಿಯರು ಬೇಸರ ಮಾಡಿಕೊಳ್ಳಲಿಲ್ಲ. "ಯಂತ್ರ ಅಂದ ಮೇಲೆ ಯಾವುದೂ ಕೈಕೊಡಬಹುದು ಸ್ವಾಮಿ. ಇದರದು ಮೆಕ್ಯಾನಿಕಲ್ ಟ್ರಿಗರ್. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತೆ. ಮಗು, ಬಾ, ಹೊಡೆದು ನೋಡು," ಅಂದರು.

ಕಾರ್ ನಿಲ್ಲಿಸುವ ಓಣಿಯ ತುದಿಯಲ್ಲಿ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇತ್ತು. ಗೇಟಿಗೆ ಬೀಗ ಹಾಕಿ ಬಂದರು. ನಮಗೆಲ್ಲ ಕನ್ನಡಕ ಕೊಟ್ಟರು. ಮರಳಿನ ಚೀಲದ ಮೇಲೆ ಕೈ ಊರಿ ತಂಗಿ ಐದು ಪೆಲೆಟ್ ಹೊಡೆದಳು. ಐದೂ ಒಂದರ ಮೇಲೊಂದು ಕೂತು ಕಾಗದದಲ್ಲಿ ಒಂದೇ ತೂತು. ಬ್ಯಾರೆಲ್ ಸರಿ ಇದೆ ಅನ್ನುವುದಕ್ಕೆ ಇನ್ನೇನು ಬೇಕು?

ಬೆಲೆ 95,000 ಅಂದರು. ನಮ್ಮ ಹತ್ತಿರ ಇದ್ದದ್ದು 85,000. ಪೆಲೆಟ್ಟಿಗೂ ಬೇಕಲ್ಲ. ಅಪ್ಪ ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ತಂಗಿ ಕೇಳಿದಳು, "ಅಂಕಲ್, ನಂಗೆ ಒಂದೇ ಸಿಲಿಂಡರ್ ಸಾಕು. ಇನ್ನೊಂದನ್ನ ನೀವೇ ಇಟ್ಕೊಂಡ್ರೆ ಎಷ್ಟಕ್ಕೆ ಕೊಡ್ತೀರಾ?" ಒಮ್ಮೆ ತುಂಬಿಸಿದರೆ ನೂರಕ್ಕಿಂತ ಜಾಸ್ತಿ ಹೊಡೆತ ಬರುತ್ತದೆ. ಪಂದ್ಯಕ್ಕೆ ಬೇಕಾದ್ದು 60 ಹೊಡೆತ, ಮುಂಚಿನ ಅಭ್ಯಾಸದ್ದು ಸ್ವಲ್ಪ. ಅವಳ ಲೆಕ್ಕ ಸರಿಯಾಗಿತ್ತು. ಅವರು ಸ್ವಲ್ಪ ಯೋಚಿಸಿ, ಆ ಸಿಲಿಂಡರಿಗೆ ಬೇರೆ ಗಿರಾಕಿ ಸಿಗುತ್ತಾರೆ ಅಂತ 80,000ಕ್ಕೆ ಇಳಿದರು. ಜಾಸ್ತಿ ಅವಧಿ ಇದ್ದ ಸಿಲಿಂಡರನ್ನೇ ನಮಗೆ ಕೊಟ್ಟರು. ಗಾಳಿ ತುಂಬಿಸುವ ಅಡಾಪ್ಟರಿಗೆ ದುಡ್ಡು ಕೇಳಲಿಲ್ಲ. ಹಳೇ ಬಿಲ್ಲಿನ ಪ್ರತಿ, ಇಬ್ಬರ ಆಧಾರ್ ಪ್ರತಿ, ಬಿಳಿ ಹಾಳೆಯ ಮೇಲೆ ಕ್ರಯದ ಬರಹ, ಸೀರಿಯಲ್ ನಂಬರ್, ಸಹಿ. ಅಪ್ಪನಿಗೆ ಅದು ಸಮಾಧಾನದ ಗಳಿಗೆ.

ವಾಪಸ್ ಬರುವಾಗ ಮೆಟ್ರೋ ಬಿಟ್ಟು ಆಟೋ ಹತ್ತಿದೆವು. ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ, ಅಲ್ಲಿ ಸುಮ್ನೆ ತೊಂದರೆ ಯಾಕೆ? ಸಿಲಿಂಡರಿನ ಗಾಳಿ ಬಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ ತಂದೆವು.

ಉಳಿದ 5,000ದಲ್ಲಿ ಅಭ್ಯಾಸದ ಪೆಲೆಟ್ ಡಬ್ಬಿಗಳು ಬಂದವು. ಗ್ರಿಪ್ ಇವಳ ಕೈಗೆ ದೊಡ್ಡದಿತ್ತು. ಹೊಸ ಗ್ರಿಪ್ಪಿಗೆ ದುಡ್ಡಿರಲಿಲ್ಲ. ಕೋಚ್ ಮರದ ಪುಟ್ಟಿ ತರಿಸಿದರು. ಅದನ್ನು ಮೆತ್ತಿ, ಹಸಿ ಇರುವಾಗಲೇ ಇವಳ ಕೈಯಿಂದ ಒತ್ತಿಸಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ಉಜ್ಜಿ ಹದಕ್ಕೆ ತಂದರು. ಅಂಗೈ ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಸರಿಸಿದ ಮೇಲೆ ಬೆರಳು ತಾನಾಗಿ ಟ್ರಿಗರಿನ ಮೇಲೆ ಬಂದು ಕೂರತೊಡಗಿತು. ಹಣ ಕೊಟ್ಟು ಹೊಸದಾಗಿ ಮಾಡಿಸಿದ್ದರೂ ಇಷ್ಟು ಸರಿಯಾಗಿ ಕೂರುತ್ತಿತ್ತೋ ಇಲ್ಲವೋ ನನಗೆ ಅನುಮಾನ.

ಸ್ವಂತ ಪಿಸ್ತೂಲಿನ ದೊಡ್ಡ ಲಾಭ ಮನೆಯಲ್ಲಿ ಗೊತ್ತಾಯಿತು. ಗಾಳಿ ಇಲ್ಲದೆ, ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ ವ್ಯವಸ್ಥೆ ಇದರಲ್ಲಿದೆ. ಡ್ರೈ ಪ್ರಾಕ್ಟೀಸ್ ಅನ್ನುತ್ತಾರೆ. ಪ್ರತಿ ಸಂಜೆ ಬಿಳಿ ಗೋಡೆಯ ಕಡೆ ನಿಂತು ಮಾಡುತ್ತಾಳೆ. ಪೈಸೆ ಖರ್ಚಿಲ್ಲ. ದುಡ್ಡು ಕಮ್ಮಿ ಇರುವ ಮನೆಯ ಮಕ್ಕಳು ಮುಂದೆ ಬರುವುದಾದರೆ ಇದರಿಂದಲೇ ಬರಬೇಕು ಅಂತ ನನಗೆ ಅನಿಸುತ್ತದೆ. ಕ್ಲಬ್ಬುಗಳು ಅವಧಿಯೊಳಗಿನ ಹಳೇ ಪಿಸ್ತೂಲುಗಳನ್ನು ಕೊಂಡು, ಸರ್ವಿಸ್ ಮಾಡಿಸಿ, ಕಲಿಯುವ ಮಕ್ಕಳಿಗೆ ತಿಂಗಳ ಬಾಡಿಗೆಗೆ ಕೊಟ್ಟರೆ ಎಷ್ಟೊಂದು ಮನೆಗಳಲ್ಲಿ ಸಂಘದ ಸಾಲ ತಪ್ಪುತ್ತದೆ. ಇದನ್ನು ನಮ್ಮ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಈ ವರ್ಷ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಸಲಕರಣೆ ಪರಿಶೀಲನೆಯ ಮೇಜಿನ ಮೇಲೆ ಆ ಪಿಸ್ತೂಲ್ ಯಾವ ತಕರಾರಿಲ್ಲದೆ ಪಾಸಾಯಿತು. ತಂಗಿ 600ಕ್ಕೆ 541 ಹೊಡೆದಳು. ಪದಕದ ಹತ್ತಿರವೂ ಇಲ್ಲ, ಆದರೆ ಕ್ಲಬ್ ಪಿಸ್ತೂಲಿನಲ್ಲಿ ಅವಳು 520 ದಾಟಿರಲಿಲ್ಲ. ಅಮ್ಮನ ಸಂಘದ ಸಾಲ ಮುಗಿಯುತ್ತಾ ಬಂದಿದೆ. ಸಿಲಿಂಡರಿನ ಅವಧಿ 2029ರವರೆಗೆ ಇದೆ. ಹೊಸದಕ್ಕೆ ಅಂತ ನಾನು ಈಗಲೇ ತಿಂಗಳಿಗೆ 500 ರೂಪಾಯಿಯ ಒಂದು ಚೀಟಿ ಹಾಕಿದ್ದೇನೆ.