ಎಷ್ಟು ಉಳಿಯುತ್ತೆ ಅಂತ ಕೇಳುವವರಿಗೆ

"ಅಕ್ಕ, ಮನೇಲೇ ಹೊಲಿದ್ರೆ ಒಂದು ಫ್ರಾಕಿಗೆ ಎಷ್ಟು ಉಳಿಯುತ್ತೆ?"

ತುಮಕೂರಲ್ಲಿ ಯಾವ ಮದುವೆ ಛತ್ರಕ್ಕೆ ಹೋದರೂ ಇದೇ ಪ್ರಶ್ನೆ, ಸ್ಕೂಲ್ ಗೇಟಿನ ಹತ್ತಿರ ನಿಂತರೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡ್ತೀನಿ. ಮೊದಲ ವರ್ಷ ಏನೂ ಉಳಿಯಲ್ಲ. ಮಷೀನು, ಒಳ್ಳೇ ಕತ್ತರಿ, ಟೇಪು, ಸೂಜಿ, ಕಲಿಯುವಾಗ ಹಾಳಾಗುವ ಬಟ್ಟೆ ಎಲ್ಲ ಸೇರಿದರೆ ಕೈಯಿಂದಲೇ ಹೋಗುತ್ತೆ. ಆಮೇಲೂ ಮಕ್ಕಳ ಸಾದಾ ಫ್ರಾಕು, ಚಡ್ಡಿಗಳಲ್ಲಿ ಉಳಿಯೋದು ಅಷ್ಟಕ್ಕಷ್ಟೆ.

ಯಾಕೆ ಅನ್ನೋದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಮಕೂರು, ಗೌರಿಬಿದನೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಊರೂರಲ್ಲಿ ಇದ್ದಾರೆ. ಅಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೇ ಕತ್ತರಿಸ್ತಾರೆ. ಒಬ್ಬರು ದಿನವಿಡೀ ಕಾಲರ್, ಇನ್ನೊಬ್ಬರು ಕಫ್, ಮತ್ತೊಬ್ಬರು ಬರೀ ಸೈಡ್ ಹೊಲಿಗೆ. ಆ ವೇಗಕ್ಕೂ, ಅವರ ಕೈಗೆ ಸಿಗುವ ಕೂಲಿಗೂ ಸೇರಿ ಅಂಗಡಿಯಲ್ಲಿ ಆ ಬೆಲೆ ಬಂದಿದೆ. ಅದರ ಜತೆ ಮನೆ ಮಷೀನು ಪೈಪೋಟಿ ಮಾಡೋಕಾಗಲ್ಲ. ಮಾಡಬೇಕಾಗೂ ಇಲ್ಲ.

ನನಗೆ ಬೇಜಾರು ಪ್ರಶ್ನೆಯ ಮೇಲಲ್ಲ, ಕೇಳುವ ಧಾಟಿಯ ಮೇಲೆ. ಹಬ್ಬಕ್ಕೆ ಮನೇಲಿ ಹೋಳಿಗೆ ಮಾಡಿದರೆ "ಬೇಕರೀಲಿ ಸಿಗುತ್ತಲ್ಲ, ಎಷ್ಟು ಉಳೀತು?" ಅಂತ ಯಾರೂ ಕೇಳಲ್ಲ, ಇನ್ನೊಂದು ಹಾಕಿ ಅಂತಾರೆ. ಮಗಳಿಗೆ ಮನೇಲಿ ಹೊಲಿದ ಫ್ರಾಕು ಹಾಕಿದರೆ ಮಾತ್ರ ಕಾಸಿನ ಲೆಕ್ಕ ಬರುತ್ತೆ. ಜತೆಗೆ ಒಂದು "ಪಾಪ" ಬೇರೆ. ಆ ಪಾಪ ನಮಗೆ ಬೇಡ.

ನಾನು ಕಾಯ್ತಿರುವ ಪ್ರಶ್ನೆ ಬೇರೆ. "ಪ್ಯಾಟರ್ನ್ ಪ್ರಕಾರವೇ ಕತ್ತರಿಸಿದೆ, ಆದರೂ ಯಾಕೆ ಮೈಗೆ ಕೂರಲಿಲ್ಲ?" ಪ್ಯಾಟರ್ನ್ ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ನಮೂನೆ. ಈ ಪ್ರಶ್ನೆ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳ್ತೀನಿ. ಈಗಲೂ ಅದನ್ನೇ ಮಾಡ್ತೀನಿ.

ತಪ್ಪಿನ ಅರ್ಧ ಪಾಲು ಕತ್ತರಿ ಹಿಡಿಯುವ ಮುಂಚೆಯೇ ಆಗಿರುತ್ತೆ. ಪ್ಯಾಟರ್ನ್ ಆರಿಸೋದು ವಯಸ್ಸಿನಿಂದಲ್ಲ, ಅಳತೆಯಿಂದ. ಪ್ಯಾಟರ್ನ್ ಬರುವ ಕವರಿನ ಮೇಲೆ "5 ವರ್ಷ" ಅಂತ ಬರೆದಿದ್ದರೆ ಅದು ಯಾವುದೋ ದೇಶದ ಮಕ್ಕಳ ಸರಾಸರಿ. ನಿಮ್ಮ ಮಗುವಿನ ಎದೆ ಸುತ್ತಳತೆ, ಎತ್ತರ ಎರಡನ್ನೂ ಟೇಪು ಹಿಡಿದು ನೋಡಿ, ಅದರ ಜತೆ ಬರುವ ಅಳತೆ ಪಟ್ಟಿಯಲ್ಲಿ ಎದೆಗೆ ಹೊಂದುವ ಸೈಜ್ ತಗೊಳ್ಳಿ, ಉದ್ದ ಆಮೇಲೆ ಕೂಡಿಸಿ ಅಥವಾ ಕಳೆಯಿರಿ. ದೊಡ್ಡವರಿಗೂ ಅಷ್ಟೇ, ರೆಡಿಮೇಡ್ ಕುರ್ತಾದ ನಂಬರಿಗೂ ಪ್ಯಾಟರ್ನಿನ ನಂಬರಿಗೂ ಸಂಬಂಧವಿಲ್ಲ. 1863ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಎಬೆನೀಜರ್ ಬಟರಿಕ್ ಎಂಬ ದರ್ಜಿ ಸೈಜ್‌ವಾರು ಕಾಗದದ ಪ್ಯಾಟರ್ನ್ ಮಾರೋಕೆ ಶುರು ಮಾಡಿದ್ದೇ ಮನೇಲಿ ಹೊಲಿಯುವವರು ತಮ್ಮ ಅಳತೆಗೆ ಹತ್ತಿರದ್ದನ್ನು ಆರಿಸಿಕೊಳ್ಳಲಿ ಅಂತ. ಹತ್ತಿರದ್ದು ಅಂದರೆ ಹತ್ತಿರದ್ದೇ, ನಿಮ್ಮ ಮೈಗೇ ಬರೆದದ್ದಲ್ಲ.

ಇನ್ನು ಪಟ್ಟಿಯಲ್ಲಿರೋದು ಮೈ ಅಳತೆ, ಬಟ್ಟೆ ಅಳತೆಯಲ್ಲ. ಎದೆ 22 ಇಂಚಿದ್ದರೆ ಹತ್ತಿ ಬಟ್ಟೆಯ ಫ್ರಾಕು 25ರಿಂದ 26 ಇಂಚು ಬರಬೇಕು. ಆ ಮೂರು ನಾಲ್ಕು ಇಂಚು ಉಸಿರಾಡೋಕೆ, ಓಡೋಕೆ, ಕೂರೋಕೆ. ಅದನ್ನು ಕಂಡು "ದೊಗಲೆ ಆಗುತ್ತೆ" ಅಂತ ಒಂದು ಸೈಜ್ ಕೆಳಗೆ ಇಳಿಯೋರೇ ಜಾಸ್ತಿ. ಎಳೆದರೆ ಹಿಗ್ಗುವ ಬನಿಯನ್ ಬಟ್ಟೆಯ ಲೆಕ್ಕ ಬೇರೆ, ಅದಕ್ಕೆ ಬರೆದ ಪ್ಯಾಟರ್ನನ್ನು ಹಿಗ್ಗದ ಪಾಪ್ಲಿನ್ ಮೇಲೆ ಇಟ್ಟರೆ ಮಗುವಿನ ತಲೆಯೂ ತೂರಲ್ಲ.

ಪ್ಯಾಟರ್ನನ್ನು ಕಂಪ್ಯೂಟರ್ ಫೈಲಾಗಿ ತಗೊಂಡು ಪ್ರಿಂಟ್ ಹಾಕಿಸೋರು ಇದನ್ನು ಗಮನಿಸಿ. ಝೆರಾಕ್ಸ್ ಅಂಗಡಿಯಲ್ಲಿ "ಫಿಟ್ ಟು ಪೇಜ್" (ಹಾಳೆಗೆ ಹಿಡಿಯುವ ಹಾಗೆ ಅಳತೆ ಬದಲಿಸೋದು) ಅನ್ನೋದು ಎಷ್ಟೋ ಸಲ ಮೊದಲೇ ಆನ್ ಆಗಿರುತ್ತೆ. ಪ್ಯಾಟರ್ನು ನೂರಕ್ಕೆ 96ರಷ್ಟಾಗಿ ಬಂದರೆ 26 ಇಂಚಿನ ಸುತ್ತಳತೆಯಲ್ಲಿ ಒಂದು ಇಂಚು ಅಲ್ಲೇ ಹೋಯ್ತು. ಅಮೆರಿಕದ ಲೆಟರ್ ಕಾಗದ 216 ಮಿ.ಮೀ. ಅಗಲ, ನಮ್ಮ ಎ4 ಕಾಗದ 210. ಹಾಗಾಗಿ ಅದು ಆನ್ ಇದ್ದರೆ ಆ ಕಡೆಯ ಫೈಲುಗಳು ಇಲ್ಲಿ ತಾವಾಗಿಯೇ ಕುಗ್ಗುತ್ತವೆ. "ನೂರಕ್ಕೆ ನೂರು ಹಾಕಿ ಅಣ್ಣ" ಅಂತ ಹೇಳಿ, ಮೊದಲ ಹಾಳೆ ಒಂದನ್ನೇ ತೆಗೆಸಿ, ಅದರಲ್ಲಿರುವ ಅಳತೆಯ ಚೌಕಕ್ಕೆ ಸ್ಕೇಲ್ ಇಟ್ಟು ನೋಡಿ. ಸರಿ ಬಂದ ಮೇಲೆ ಉಳಿದ ಹಾಳೆಗಳು.

ಆಮೇಲೆ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಅಂಚಿಗೆ ಬಿಡುವ ಬಟ್ಟೆ. ಅಮೆರಿಕದ ಕವರ್ ಪ್ಯಾಟರ್ನುಗಳಲ್ಲಿ ಹೊಲಿಗೆ ಮಾರ್ಜಿನ್ ಸಾಮಾನ್ಯವಾಗಿ ಒಂದೂವರೆ ಸೆಂ.ಮೀ. ಸೇರಿಸಿಯೇ ಇರುತ್ತೆ. ಕೆಲವದರಲ್ಲಿ ಒಂದೇ ಸೆಂ.ಮೀ., ಇನ್ನು ಕೆಲವದರಲ್ಲಿ ಮಾರ್ಜಿನ್ನೇ ಇರಲ್ಲ, ನಾವೇ ಬಿಟ್ಟು ಕತ್ತರಿಸಬೇಕು. ಇಲ್ಲದ್ದನ್ನು ಇದೆ ಅಂದುಕೊಂಡು ಗೆರೆ ಮೇಲೇ ಕತ್ತರಿಸಿ ಒಂದು ಸೆಂ.ಮೀ. ಒಳಗೆ ಹೊಲಿದರೆ ಎರಡು ಪಕ್ಕ, ಪಕ್ಕಕ್ಕೆ ಎರಡು ಅಂಚು, ಒಟ್ಟು ನಾಲ್ಕು ಸೆಂ.ಮೀ. ಸುತ್ತಳತೆ ಕಡಿಮೆ. ಒಂದೂವರೆ ಇಂಚು! ಫ್ರಾಕು ಹಿಡಿಯದೆ ಇನ್ನೇನು ಮಾಡುತ್ತೆ?

ಬಟ್ಟೆಯ ವಿಷಯ ಬೇಗ ಮುಗಿಸ್ತೀನಿ. ಐದು ವರ್ಷದ ಮಗುವಿನ ನೆರಿಗೆ ಫ್ರಾಕಿಗೆ 44 ಇಂಚು ಪನ್ನಾದಲ್ಲಿ (ಬಟ್ಟೆಯ ಅಗಲ) ಒಂದೂಕಾಲು ಮೀಟರ್, ಫ್ರಾಕಿನ ಲಂಗಕ್ಕೆ ಮಗು ಬೆಳೆದಂತೆ ಬಿಚ್ಚುವ ಮಡಿಕೆ ಇಡೋದಾದರೆ ಒಂದೂವರೆ. ಮಂಡಿಪೇಟೆಯಿಂದ ತಂದ ದಿನವೇ ಕತ್ತರಿಸಬೇಡಿ. ಹೊಸ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು, 40 ಇಂಚಿನ ಕುರ್ತಾ ಮೊದಲ ಒಗೆತಕ್ಕೆ ಒಂದೂವರೆ ಇಂಚು ಮೇಲೆ ಹೋಗೋದು ಹೀಗೇ. ಮುಂದೆ ಹೇಗೆ ಒಗೀತೀರೋ ಹಾಗೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹೊಕ್ಕಿನ, ಅಂದರೆ ಅಡ್ಡ ನೇಯ್ಗೆಯ, ಒಂದು ಎಳೆ ಎಳೆದು ತೆಗೆದು, ಆ ಗೆರೆಯಲ್ಲಿ ಕತ್ತರಿಸಿದರೆ ಬಟ್ಟೆಯ ತುದಿ ನೇರ ಬರುತ್ತೆ. ಪ್ಯಾಟರ್ನಿನ ಮೇಲೆ ಬಟ್ಟೆಯ ಉದ್ದದ ಎಳೆಯ ದಿಕ್ಕು ತೋರಿಸುವ ಬಾಣದ ಎರಡು ತುದಿಯಿಂದಲೂ ಬಟ್ಟೆಯ ಉದ್ದಕ್ಕಿರುವ ನೇಯ್ದ ಅಂಚಿಗೆ ಟೇಪು ಹಿಡಿದು ನೋಡಿ, ಅರ್ಧ ಇಂಚು ವ್ಯತ್ಯಾಸ ಬಂದರೂ ಒಗೆದ ಮೇಲೆ ಲಂಗ ತಿರುಚಿಕೊಳ್ಳುತ್ತೆ.

"ಇಷ್ಟೆಲ್ಲ ಯಾಕೆ, ಅಳತೆಗೆ ಸರಿಯಾದ ಹಳೇ ಬಟ್ಟೆಯನ್ನು ಹೊಸದರ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೀಚಿದರಾಯ್ತಲ್ಲ?" ಲಂಗಕ್ಕೆ ಆದೀತು. ತೋಳಿಗೆ ಆಗಲ್ಲ. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಆಳ, ಯಾಕೆಂದರೆ ನಮ್ಮ ಕೈ ಮುಂದಕ್ಕೆ ಬರುತ್ತೆ. ಹೊಲಿದು ಮಡಚಿದ ಬಟ್ಟೆಯಲ್ಲಿ ಆ ವ್ಯತ್ಯಾಸ ಕಾಣಲ್ಲ. ಪ್ಯಾಟರ್ನಿನ ಅಂಚಿನಲ್ಲಿ ಮುಂದಕ್ಕೆ ಒಂದು ಕಚ್ಚು, ಹಿಂದಕ್ಕೆ ಎರಡು ಕಚ್ಚು ಅಂತ ಗುರುತು ಇರೋದು ಅದಕ್ಕೇ. ಎಡ ತೋಳು ಬಲಕ್ಕೆ ಕೂಡಿಸಿದರೆ ಭುಜದ ಹತ್ತಿರ ಓರೆ ಸುಕ್ಕು ಬಂದು, ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗಲ್ಲ.

ತೋಳಿನ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಲೇಬೇಕು. "ಕಂಕುಳಲ್ಲಿ ಹಿಡಿಯುತ್ತೆ" ಅಂದ ಕೂಡಲೇ ಎಲ್ಲರೂ ಮಾಡೋದು ಒಂದೇ, ಕಂಕುಳ ಬಾಗನ್ನು ಇನ್ನೂ ಕೆಳಕ್ಕೆ ಕತ್ತರಿಸೋದು. ದಯವಿಟ್ಟು ಕತ್ತರಿ ಕೆಳಗಿಡಿ. ಬಾಗು ಕೆಳಗೆ ಹೋದಷ್ಟೂ ತೋಳು ಮೈಗೆ ಕೂಡುವ ಜಾಗ ಸೊಂಟದ ಕಡೆಗೆ ಇಳಿಯುತ್ತೆ. ಆಗ ಮಗು ಕೈ ಎತ್ತಿದರೆ ತೋಳು ಇಡೀ ಫ್ರಾಕನ್ನೇ ಮೇಲಕ್ಕೆ ಎಳೆಯುತ್ತೆ. ಬಾಗು ಕಂಕುಳಿಗೆ ಹತ್ತಿರ, ಸುಮಾರು ಎರಡು ಸೆಂ.ಮೀ. ಕೆಳಗೆ ಇದ್ದರೆ ಕೈ ಸಲೀಸಾಗಿ ಆಡುತ್ತೆ. ನಂಬಿಕೆ ಬರದಿದ್ದರೆ ಎರಡೂ ಕೈ ಮೇಲೆತ್ತಿಸಿ ಲಂಗದ ಅಂಚು ಎಷ್ಟು ಏರುತ್ತೆ ನೋಡಿ.

ಹಾಗಾದರೆ ಹಿಡಿಯೋದು ಯಾಕೆ? ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಬಾಗಿನ ತಳದಲ್ಲಿ ಬೆರಳಿಡಿ. ಎಷ್ಟೋ ಸಲ ಅಲ್ಲಿ ಕತ್ತರಿಸದೇ ಬಿಟ್ಟ ಮುಕ್ಕಾಲು ಇಂಚು ಮಾರ್ಜಿನ್ ಗಟ್ಟಿ ಗೋಡೆ ಹಾಗೆ ನಿಂತು ಚರ್ಮಕ್ಕೆ ಒತ್ತುತ್ತಿರುತ್ತೆ. ಬಾಗಿನ ತಳದಲ್ಲಿ ಮಾತ್ರ ಅದನ್ನು ಕಾಲು ಇಂಚಿಗೆ ಇಳಿಸಿ, ಪಕ್ಕದ ಹೊಲಿಗೆಯ ಮಾರ್ಜಿನ್ ಮುಟ್ಟಬೇಡಿ. ಅದಲ್ಲವಾದರೆ ಸುಕ್ಕು ನೋಡಿ. ಎದೆಯ ಮೇಲೆ ಅಡ್ಡ ಸುಕ್ಕು ಕಂಕುಳಿಂದ ಕಂಕುಳಿಗೆ ಓಡಿದ್ದರೆ ಅಗಲ ಸಾಲದು, ಪಕ್ಕದ ಹೊಲಿಗೆ ಬಿಡಿಸಿ ಅಗಲ ಮಾಡಿ. ಕುತ್ತಿಗೆಯ ಬದಿಯಿಂದ ಕಂಕುಳ ಕಡೆಗೆ ಓರೆಯಾಗಿ ಇಳಿದಿದ್ದರೆ ಭುಜ ಇಳಿಜಾರು. ಭುಜದ ತುದಿಯನ್ನು ಕಾಲು ಇಂಚು ಇಳಿಸಿ, ಬಾಗಿನ ತಳವನ್ನೂ ಅಷ್ಟೇ ಇಳಿಸಿ, ಆಗ ತೋಳು ಕೂರುವ ಸುತ್ತಳತೆ ಬದಲಾಗಲ್ಲ. ಇಲ್ಲಿ ತಳ ಇಳಿಸೋದಕ್ಕೆ ಕಾರಣ ಇದೆ. ಬರೀ ಹಿಡಿಯುತ್ತೆ ಅಂತ ಇಳಿಸೋದಕ್ಕೆ ಇಲ್ಲ.

ಇದನ್ನೆಲ್ಲ ಹೊಸ ಬಟ್ಟೆಯ ಮೇಲೆ ಕಲಿಯಬೇಕಾಗಿಲ್ಲ. ಹಳೇ ಪಂಚೆಯಲ್ಲಿ ಮೇಲ್ಭಾಗ ಮಾತ್ರ ಕತ್ತರಿಸಿ, ಮಷೀನಿನ ಅತಿ ಉದ್ದದ ಹೊಲಿಗೆ ಹಾಕಿ ತೊಡಿಸಿ ನೋಡಿ, ಬಿಚ್ಚೋದು ಸುಲಭ. ತಿದ್ದಿದ್ದನ್ನು ಬ್ರೌನ್ ಪೇಪರಿಗೆ ಇಳಿಸಿ ತಾರೀಕು, ಎತ್ತರ, ಎದೆ ಅಳತೆ ಬರೆದಿಡಿ. ನ್ಯೂಸ್ ಪೇಪರ್ ಬೇಡ, ಬಿಳಿ ಬಟ್ಟೆಗೆ ಮಸಿ ಹತ್ತುತ್ತೆ. ಮುಂದಿನ ಸಲ ಎದೆ ಒಂದು ಇಂಚು ಹೆಚ್ಚಾಗಿದ್ದರೆ ನಾಲ್ಕು ಪಕ್ಕದ ಅಂಚಿಗೂ ಕಾಲು ಕಾಲು ಇಂಚು ಕೂಡಿಸಿ.

ಉಳಿತಾಯ ಅನ್ನೋದು ಎಲ್ಲಾದರೂ ಇದ್ದರೆ ಒಳಗಿನ ಮಾರ್ಜಿನ್ನಲ್ಲಿದೆ. ಸೀರೆ ಬ್ಲೌಸಿನ ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿಸಿಕೊಳ್ಳೋದು ನಮ್ಮ ಹೆಂಗಸರಿಗೆ ಗೊತ್ತು, ದಪ್ಪ ಆದಂತೆ ಒಂದೊಂದು ಸಾಲು ಬಿಚ್ಚೋದು. ಮಕ್ಕಳ ಬಟ್ಟೆಗೆ ಮಾತ್ರ ಅದನ್ನು ಮರೀತೀವಿ. ಅಂಗಡಿಯ ಫ್ರಾಕಿನ ಪಕ್ಕದಲ್ಲಿ ಹೆಚ್ಚೆಂದರೆ ಒಂದು ಸೆಂ.ಮೀ. ಬಿಟ್ಟು ಓವರ್‌ಲಾಕ್ (ಎಳೆ ಬಿಚ್ಚದ ಹಾಗೆ ಅಂಚು ಸುತ್ತುವ ಹೊಲಿಗೆ) ಹೊಡೆದಿರುತ್ತೆ, ಬಿಡಿಸೋಕೆ ಏನೂ ಇರಲ್ಲ. ಮನೇಲಿ ಹೊಲಿದರೆ ಪಕ್ಕಕ್ಕೆ ಒಂದು ಇಂಚು ಬಿಡಿ, ತೋಳಿನ ಕೆಳ ಹೊಲಿಗೆಗೂ ಅಷ್ಟೇ ಬಿಡಿ, ಇಲ್ಲದಿದ್ದರೆ ಮೈ ಬಿಡಿಸಿದಾಗ ತೋಳು ಸಾಲಲ್ಲ. ಲಂಗದ ಅಂಚಿಗೆ ಮೂರು ಇಂಚು ಮಡಿಕೆ, ಅದರ ಮೇಲೆ ಎರಡು ಸಾಲು ಅಡ್ಡ ಮಡಿಕೆ. ಒಂದೂವರೆ ಸೆಂ.ಮೀ. ಆಳದ ಒಂದು ಮಡಿಕೆ ಮೂರು ಸೆಂ.ಮೀ. ಬಟ್ಟೆ ನುಂಗುತ್ತೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಎತ್ತರ ಆಗ್ತಾರೆ, ಅದರಲ್ಲಿ ಭುಜದಿಂದ ಮಂಡಿವರೆಗಿನ ಪಾಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಹೆಚ್ಚು ಕಡಿಮೆ ಸರಿಹೋಗುತ್ತೆ.

ಬಿಚ್ಚಿದ ಜಾಗದಲ್ಲಿ ಒಂದು ಗಾಢ ಪಟ್ಟಿ ಕಾಣುತ್ತೆ, ಮಡಿಕೆಯೊಳಗಿನ ಬಟ್ಟೆ ಬಿಸಿಲು ಕಂಡಿರಲ್ಲವಲ್ಲ. ಅದರ ಎರಡೂ ಅಂಚಿಗೆ ಅಂಕುಡೊಂಕು ಲೇಸಿನ ಒಂದೊಂದು ಸಾಲು ಕೂಡಿಸಿ. ಲಂಗದ ಸುತ್ತು 60 ಇಂಚಿದ್ದರೆ ಎರಡು ಸಾಲಿಗೆ ಮೂರೂಕಾಲು ಮೀಟರ್ ಲೇಸು ತನ್ನಿ, ತಂದು ಅದನ್ನೂ ಮೊದಲು ಒಂದು ಸಲ ನೆನೆಸಿ ಒಣಗಿಸಿ.